ಅಜ್ಜಿಯ ಅರ್ಧ ಕಾಯಿ ಮತ್ತು ನನ್ನ ಮ್ಯಾಕ್ರೋ

ಬ್ಲಾಗಿನ ಕಡೆ ತಲೆಹಾಕಿ ಬಹಳ ದಿನ ಆಯ್ತು. ಇವತ್ತು ಬರೆಸುತ್ತಿರೋದು ಒಂದು ತೆಂಗಿನಕಾಯಿ. ಒಂದೂ ಅಲ್ಲ, ಅರ್ಧ!

ನಮ್ಮ ಚಿಕ್ಕಪ್ಪ ಅಮೃತೂರಿನಲ್ಲಿ ಸುತ್ತಮುತ್ತಲ ರೈತರಿಂದ ಕಾಯಿ ಕೊಳ್ಳುತ್ತಾರೆ. ಅವರಲ್ಲಿ ಸಣ್ಣ ಕಾಯಿ ಎರಡಕ್ಕೆ ಒಂದರ ಲೆಕ್ಕ. ಪುಸ್ತಕದಲ್ಲಿದ್ದ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿಕೊಟ್ಟವನು ನಾನೇ. ಮೊನ್ನೆ ಊರಿಗೆ ಹೋದಾಗ ಒಬ್ಬರು ಅಜ್ಜಿ ಚೀಟಿ ಹಿಡ್ಕೊಂಡು ಬಂದರು.

"ಏನಪ್ಪಾ, ಮುಂಚೆ 25 ಸಣ್ಣ ಕಾಯಿಗೆ 13 ಹಾಕ್ತಿದ್ರಿ, ಈಗ 12. ಪಕ್ಕದ ಮನೆಯೋನು 27 ತಂದ್ರೆ 14. ಅವನ ಅರ್ಧ ಸೇರುತ್ತೆ, ನಂದ್ಯಾಕೆ ಹೋಗುತ್ತೆ?"

ಉತ್ತರ ಹುಡುಕೋಕೆ ಒಂದು ಗಂಟೆ ಹಿಡೀತು. ಎಕ್ಸೆಲ್ ಹಾಳೆಯ ರೌಂಡ್ ಸೂತ್ರ ಅರ್ಧ ಬಂದರೆ ಮೇಲಕ್ಕೇ ಏರಿಸುತ್ತೆ. ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯ ರೌಂಡ್ ಹಾಗಲ್ಲ, ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತೆ. 12.5 ಆದ್ರೆ 12, 13.5 ಆದ್ರೆ 14! ಯಾವತ್ತೋ ನಾನು ಹಾಳೆಯ ಸೂತ್ರ ಅಳಿಸಿ, ಆ ಕೆಲಸವನ್ನು ಮ್ಯಾಕ್ರೋಗೆ ವಹಿಸಿದ್ದೆ.

ಯಾವತ್ತು? ಅದೇ ಗೊತ್ತಿಲ್ಲ. ಫೋಲ್ಡರಿನಲ್ಲಿ 'ಹೊಸದು', 'ಹೊಸದು 2', 'ಕೊನೆಯದು', 'ಇದೇ ಕೊನೆಯದು' ಅಂತ ನಾಲ್ಕು ಫೈಲು. ಚಿಕ್ಕಪ್ಪನ ಹಳೇ ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದ್ರೂ ಹೊಡೆದ ಗೆರೆ ಕಾಣುತ್ತಿತ್ತು, ಪಕ್ಕದಲ್ಲಿ ಸಹಿ ಇರ್ತಿತ್ತು. ನನ್ನ ಕಂಪ್ಯೂಟರ್ ಲೆಕ್ಕದಲ್ಲಿ ಗೆರೆಯೂ ಇಲ್ಲ, ಸಹಿಯೂ ಇಲ್ಲ. ಕೊನೆಗೆ ಚೀಟಿಗಳ ನಕಲು ಹರಡಿಕೊಂಡು ಎರಡು ರಾತ್ರಿ ಕೂತು, ಬಾಕಿ ಕೊಟ್ಟೆವು.

2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಗಿಟ್ ಇಂಥ ಗೆರೆ-ಸಹಿಗೆ ಅಂತಲೇ ಇದೆ. ಆದ್ರೆ ಇಡೀ ಎಕ್ಸೆಲ್ ಫೈಲನ್ನು ಅದಕ್ಕೆ ಕೊಟ್ಟರೆ 'ಬದಲಾಗಿದೆ' ಅನ್ನುತ್ತೆ ಅಷ್ಟೇ. ಮ್ಯಾಕ್ರೋ ಇರೋದು ಜಿಪ್ ಒಳಗಿನ ಬೈನರಿ ಗಂಟಿನಲ್ಲಿ, ಯಾವ ಸಾಲು ಬದಲಾಯ್ತು ಅಂತ ಅದಕ್ಕೆ ಕಾಣಲ್ಲ. ಅದಕ್ಕೇ ಕೋಡನ್ನು ಹೊರಗೆ ತೆಗೆದಿಡಬೇಕು: ಆಲ್ಟ್ ಎಫ್11 ಒತ್ತಿ, ಮಾಡ್ಯೂಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಫೈಲ್. ಬರೋದು ಬರೀ ಪಠ್ಯದ ಡಾಟ್ ಬಾಸ್ ಫೈಲು. ಅದನ್ನು ಗಿಟ್‌ಗೆ ಕೊಟ್ಟರೆ ಸಾಲು ಸಾಲಿಗೂ ಲೆಕ್ಕ ಸಿಗುತ್ತೆ.

ನಮ್ಮಂಥವರಿಗೆ ಒಂದು ತೊಡಕಿದೆ. ವಿಬಿಎ ಎಡಿಟರಿಗೆ ಯೂನಿಕೋಡ್ ಬರಲ್ಲ! ಕೋಡಿನೊಳಗೆ ಕನ್ನಡದಲ್ಲಿ ಟಿಪ್ಪಣಿ ಬರೆದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹಾಗಾಗಿ 'ಯಾಕೆ ತಿದ್ದಿದೆ' ಅನ್ನೋದನ್ನು ನಾನೀಗ ಗಿಟ್‌ನ ಕಮಿಟ್ ಸಂದೇಶದಲ್ಲಿ ಬರೀತೀನಿ, ಅಲ್ಲಿ ಕನ್ನಡ ಚೆನ್ನಾಗೇ ಕೂರುತ್ತೆ.

"ಕಾಯಿ ವ್ಯಾಪಾರಕ್ಕೆ ಇಷ್ಟೆಲ್ಲಾ ಬೇಕಾ?" ಅಂತ ಗೆಳೆಯನೊಬ್ಬ ನಕ್ಕ. ಇಲ್ಲೇ ಬೇಕು ಅಂತೀನಿ ನಾನು. ದೊಡ್ಡ ಕಂಪನಿಗಳ ಲೆಕ್ಕ ನೋಡೋಕೆ ಆಡಿಟರ್ ಇರ್ತಾರೆ. ಇಲ್ಲಿ ಇದ್ದದ್ದು ಅಜ್ಜಿಯ ಕೈಯಲ್ಲಿದ್ದ ಚೀಟಿ ಒಂದೇ. ಬೇರೆಯವರ ದುಡ್ಡು ಎಣಿಸುವ ಮ್ಯಾಕ್ರೋ ಬರೆದವನು ಅದರ ತಿದ್ದುಪಡಿ ತೋರಿಸೋಕೂ ತಯಾರಿರಬೇಕು.

ನಿಮ್ಮ ಫೋಲ್ಡರಿನಲ್ಲಿ ಎಷ್ಟು 'ಕೊನೆಯದು' ಇವೆ? ಒಮ್ಮೆ ನೋಡಿ ಹೇಳ್ತೀರಾ?