ಊಟ ತಲುಪಿಸುವವರಿಗೂ ಬೇಕು ಆದಾಯದ ದಾಖಲೆ

ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಗೆ ಸ್ವಂತ ದುಡಿಮೆ ಹೊಸದಲ್ಲ. ಮಗ್ಗ ತನ್ನದು, ನೂಲು ಮಾಲೀಕರದು, ಸೀರೆಯೊಂದಕ್ಕೆ ಇಷ್ಟೆಂದು ಮಜೂರಿ. ಈ ಲೆಕ್ಕ ಇಲ್ಲಿನ ನೇಕಾರರಿಗೆ ಚೆನ್ನಾಗಿ ಪರಿಚಿತ. ಇಂತಹ ಊರುಗಳಿಂದ ಬೆಂಗಳೂರು, ಹುಬ್ಬಳ್ಳಿಗೆ ತೆರಳಿ ಸ್ವಿಗ್ಗಿ, ಜೊಮ್ಯಾಟೊ ಮುಂತಾದ ಸಂಸ್ಥೆಗಳ ಮೂಲಕ ಊಟ ತಲುಪಿಸುವ ಯುವಕರದೂ ಇದೇ ಬಗೆಯ ದುಡಿಮೆ. ಬೈಕು ತನ್ನದು, ಪೆಟ್ರೋಲಿನ ಖರ್ಚು ತನ್ನದು, ಆರ್ಡರು ಮಾತ್ರ ಸಂಸ್ಥೆಯದು.

ಆದಾಯ ತೆರಿಗೆಯ ದೃಷ್ಟಿಯಲ್ಲಿ ಇಂತಹ ದುಡಿಮೆಗಾರನು ನೌಕರನಲ್ಲ, ಸ್ವತಂತ್ರ ಉದ್ಯೋಗಿ. ಆದ್ದರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ದೊರೆಯುವ ರೂ. 75,000 ಪ್ರಮಾಣಿತ ಕಡಿತ ಅವನಿಗಿಲ್ಲ. ಅದರ ಬದಲು ಪೆಟ್ರೋಲು, ದುರಸ್ತಿ, ವಿಮೆ, ಮೊಬೈಲು ಮುಂತಾದ ವೃತ್ತಿ ಸಂಬಂಧಿ ಖರ್ಚುಗಳನ್ನು ಕಳೆಯಲು ಅವಕಾಶವಿದೆ. ಗುತ್ತಿಗೆ ಪಾವತಿಯ ನಿಯಮದಂತೆ ಸಂಸ್ಥೆಗಳು ಸಾಮಾನ್ಯವಾಗಿ ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡುತ್ತವೆ. ಪ್ಯಾನ್ ಸಲ್ಲಿಸದಿದ್ದರೆ ಈ ಕಡಿತ ಶೇ. 20ಕ್ಕೆ ಏರುತ್ತದೆ.

ಉದಾಹರಣೆಗೆ, 2025-26ನೇ ಹಣಕಾಸು ವರ್ಷದಲ್ಲಿ ಒಬ್ಬನಿಗೆ ರೂ. 3,60,000 ಸಂದಾಯವಾಗಿ, ರೂ. 1,20,000 ಖರ್ಚಾಯಿತೆಂದು ಭಾವಿಸೋಣ. ನಿವ್ವಳ ಆದಾಯ ರೂ. 2,40,000. ಹೊಸ ಪದ್ಧತಿಯಲ್ಲಿ ರೂ. 4 ಲಕ್ಷದವರೆಗೆ ತೆರಿಗೆಯಿಲ್ಲ. ಕಡಿತವಾದ ರೂ. 3,600 ಪೂರ್ತಿ ಅವನಿಗೇ ಸೇರಬೇಕಾದ ಹಣ. ಆದರೆ ರಿಟರ್ನ್ ಸಲ್ಲಿಸದೆ ಅದು ಮರಳಿ ಬಾರದು.

ರಿಟರ್ನ್ ಸಲ್ಲಿಸುವವರಲ್ಲಿಯೂ ಒಂದು ತಪ್ಪು ರೂಢಿ ಉಂಟಾಗುವ ಸಂಭವವಿದೆ. ಅಂದಾಜು ಆದಾಯದ ಯೋಜನೆಯಡಿ ಬ್ಯಾಂಕಿನ ಮೂಲಕ ಬಂದ ಹಣದ ಶೇ. 6ರಷ್ಟನ್ನು ಲಾಭವೆಂದು ತೋರಿಸಿದರೆ ಲೆಕ್ಕಪುಸ್ತಕದ ಗೋಜಿಲ್ಲ. ಮೇಲಿನ ಉದಾಹರಣೆಯಲ್ಲಿ ಆ ಲಾಭ ಕೇವಲ ರೂ. 21,600. ಇದರಿಂದ ಉಳಿಯುವ ತೆರಿಗೆ ಸೊನ್ನೆ. ಏಕೆಂದರೆ ನಿಜವಾದ ಆದಾಯಕ್ಕೂ ತೆರಿಗೆ ಇರಲಿಲ್ಲ. ಅದಕ್ಕಿಂತ ಹೆಚ್ಚಿನ ಆದಾಯವನ್ನು ಘೋಷಿಸಲು ಅದೇ ಯೋಜನೆಯಲ್ಲಿ ಅವಕಾಶವಿದ್ದು, ನಿಜವಾಗಿ ಗಳಿಸಿದ್ದನ್ನೇ ತೋರಿಸುವುದು ಸರಿಯಾದ ಮಾರ್ಗ.

ಕಡಿಮೆ ತೋರಿಸಿದ್ದರ ನಷ್ಟ ತಿಳಿಯುವುದು ತಡವಾಗಿ. ಸಾಲ ಕೇಳಿದಾಗ ಬ್ಯಾಂಕು ನೋಡುವುದು ರಿಟರ್ನನ್ನು. ಇದಕ್ಕೂ ಗಂಭೀರವಾದುದು ರಸ್ತೆ ಅಪಘಾತದ ಸಂದರ್ಭ. ದಿನವಿಡೀ ರಸ್ತೆಯಲ್ಲಿಯೇ ದುಡಿಯುವವನು ಮೃತನಾದರೆ, ಕುಟುಂಬಕ್ಕೆ ದೊರೆಯಬೇಕಾದ ಪರಿಹಾರವನ್ನು ಮೋಟಾರು ಅಪಘಾತ ನ್ಯಾಯಮಂಡಳಿ ಅವನ ಆದಾಯದ ಆಧಾರದ ಮೇಲೆ ನಿರ್ಧರಿಸುತ್ತದೆ. ಅಲ್ಲಿ ರಿಟರ್ನ್ ಪ್ರಬಲ ಪುರಾವೆ. ದಾಖಲೆ ಇಲ್ಲದಿದ್ದರೆ ಆದಾಯವನ್ನು ಊಹಿಸಬೇಕಾಗುತ್ತದೆ. ಇಪ್ಪತ್ತೊಂದು ಸಾವಿರದ ರಿಟರ್ನ್ ಹಿಡಿದು ವಿಧವೆಯೊಬ್ಬಳು ವರ್ಷಕ್ಕೆ ಎರಡೂವರೆ ಲಕ್ಷ ಬರುತ್ತಿತ್ತೆಂದು ವಾದಿಸುವುದು ಹೇಗೆ?

ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ರೂಪಿಸಿ, ನೋಂದಣಿಗೂ ಕಲ್ಯಾಣ ಮಂಡಳಿಗೂ ಅವಕಾಶ ಕಲ್ಪಿಸಿದ್ದು ಸ್ವಾಗತಾರ್ಹ. ಆದರೆ ನೋಂದಣಿಯು ಗುರುತನ್ನು ನೀಡೀತೇ ಹೊರತು ಆದಾಯದ ದಾಖಲೆಯನ್ನಲ್ಲ. ಸಂಸ್ಥೆಗಳು ವರ್ಷಾಂತ್ಯದಲ್ಲಿ ಸಂದಾಯ ಹಾಗೂ ಕಡಿತದ ವಿವರವನ್ನು ಸರಳ ಕನ್ನಡದಲ್ಲಿ ನೀಡುವಂತಾಗಬೇಕು. ದುಡಿಮೆಗಾರರು ಪೆಟ್ರೋಲು, ದುರಸ್ತಿಗಳ ರಸೀದಿಗಳನ್ನು ಕಾಯ್ದಿಡಬೇಕು. ವಾಣಿಜ್ಯ ಸಂಸ್ಥೆಗಳು ಈ ಭಾಗದ ವಾಣಿಜ್ಯ ಕಾಲೇಜುಗಳ ನೆರವಿನಿಂದ ವರ್ಷಕ್ಕೊಮ್ಮೆ ಉಚಿತ ರಿಟರ್ನ್ ಶಿಬಿರ ನಡೆಸಿದರೆ, ಊರು ಬಿಟ್ಟು ದುಡಿಯುವ ಮಕ್ಕಳ ಬೆವರಿಗೆ ಕಾಗದದ ಮೇಲೂ ಬೆಲೆ ಬಂದೀತು.