ಇಲ್ಲದ ನೌಕೆಗೂ ಬೇಕು ಸರಿಯಾದ ಅಳತೆ

ಮಕ್ಕಳೇ, ಎಂದೂ ಹಾರದ ಅಂತರಿಕ್ಷ ನೌಕೆಯೊಂದನ್ನು ತಪ್ಪಾಗಿ ಚಿತ್ರಿಸಲು ಸಾಧ್ಯವೇ? 'ಅದು ಬರೀ ಕಲ್ಪನೆ ತಾನೇ, ಹೇಗೆ ಬರೆದರೂ ಸರಿ' ಎನ್ನುತ್ತೀರಾ? ಅವಸರಪಡಬೇಡಿ. ಮೊದಲು ಒಂದು ನೌಕೆಯ ಕಥೆ ಕೇಳಿ.

1966ರಲ್ಲಿ ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಧಾರಾವಾಹಿ ಆರಂಭವಾಯಿತು. ಅದರಲ್ಲಿ ನಕ್ಷತ್ರಗಳ ನಡುವೆ ಸಂಚರಿಸುವ ನೌಕೆಯ ಹೆಸರು 'ಎಂಟರ್‌ಪ್ರೈಸ್'. ಮುಂದೆ ದೊಡ್ಡ ತಟ್ಟೆಯಂಥ ಭಾಗ, ಅದರ ಕೆಳಗೆ ಕೊಳವೆಯಂಥ ಒಡಲು, ಹಿಂದೆ ಮೇಲಕ್ಕೆ ಚಾಚಿದ ಎರಡು ಉದ್ದನೆಯ ಎಂಜಿನ್‌ಗಳು. ಇದನ್ನು ವಿನ್ಯಾಸ ಮಾಡಿದವರು ಮ್ಯಾಟ್ ಜೆಫ್ರೀಸ್. ಎಂಜಿನ್‌ಗಳ ಶಕ್ತಿ ಅಪಾಯಕಾರಿ, ಆದ್ದರಿಂದ ಅವು ಜನರಿಂದ ದೂರವಿರಲಿ ಎಂದುಕೊಂಡರು. ಯಂತ್ರಗಳು ಒಳಗಿದ್ದರೆ ದುರಸ್ತಿಯೂ ಒಳಗೇ ಆಗುತ್ತದೆ, ಹಾಗಾಗಿ ಹೊರಮೈ ನುಣುಪಾಗಿರಲಿ ಎಂದುಕೊಂಡರು. ನೋಡಿದಿರಾ, ಕಲ್ಪನೆಯ ನೌಕೆಗೂ ಕಾರಣಗಳಿದ್ದವು!

ಚಿತ್ರೀಕರಣಕ್ಕಾಗಿ ಮರ, ಲೋಹದ ತಗಡು ಮತ್ತು ಪ್ಲಾಸ್ಟಿಕ್‌ನಿಂದ ಸುಮಾರು 3.4 ಮೀಟರ್ ಉದ್ದದ ಮಾದರಿಯನ್ನು ಕಟ್ಟಿದರು. 2006ರಲ್ಲಿ ಹಳೆಯ ಧಾರಾವಾಹಿಯನ್ನು ಹೊಸದಾಗಿ ಸಿದ್ಧಪಡಿಸಿದಾಗ, ಆ ಮಾದರಿ ಕಾಣುವ ದೃಶ್ಯಗಳ ಜಾಗದಲ್ಲಿ ಕಂಪ್ಯೂಟರ್‌ನಲ್ಲಿ ರಚಿಸಿದ ನೌಕೆ ಬಂತು. ಇಂದು ಮನೆಯಲ್ಲೇ ಕುಳಿತು ಕಂಪ್ಯೂಟರ್‌ನಲ್ಲಿ ಇದೇ ನೌಕೆಯನ್ನು ಮತ್ತೆ ಕಟ್ಟುವ ಆಸಕ್ತರಿದ್ದಾರೆ.

ಕಂಪ್ಯೂಟರ್‌ನಲ್ಲಿ ನೌಕೆ ಕಟ್ಟುವುದು ಹೇಗೆ? ಅಲ್ಲಿ ಮರವಿಲ್ಲ, ಮೊಳೆಯಿಲ್ಲ. ಬಿಂದುಗಳಿವೆ. ಪ್ರತಿ ಬಿಂದುವಿಗೂ ಮೂರು ಸಂಖ್ಯೆ: ಎಷ್ಟು ಬಲಕ್ಕೆ, ಎಷ್ಟು ಮುಂದಕ್ಕೆ, ಎಷ್ಟು ಮೇಲಕ್ಕೆ. ಮೂರು ಬಿಂದುಗಳನ್ನು ಸೇರಿಸಿದರೆ ತ್ರಿಭುಜ. ಸಾವಿರಾರು ಸಣ್ಣ ತ್ರಿಭುಜಗಳನ್ನು ಒಂದಕ್ಕೊಂದು ಅಂಟಿಸಿದಂತೆ ಜೋಡಿಸಿದರೆ ತಟ್ಟೆಯ ದುಂಡು ಅಂಚು ಮೂಡುತ್ತದೆ. ತ್ರಿಭುಜಗಳು ಕಡಿಮೆಯಾದರೆ ಅಂಚು ಮೂಲೆಮೂಲೆಯಾಗಿ ಕಾಣುತ್ತದೆ.

ಈಗ ಒಂದು ಲೆಕ್ಕ. ಕಥೆಯ ಪ್ರಕಾರ ನೌಕೆಯ ಉದ್ದ ಸುಮಾರು 289 ಮೀಟರ್. ಅದನ್ನು 3.4ರಿಂದ ಭಾಗಿಸಿ. 85 ಬಂತಲ್ಲವೇ? ಅಂದರೆ ಮಾದರಿಯನ್ನು ಅಳೆಯುವಾಗ 1 ಸೆಂಟಿಮೀಟರ್ ತಪ್ಪಿದರೆ, ನೌಕೆಯಲ್ಲಿ 85 ಸೆಂಟಿಮೀಟರ್ ತಪ್ಪಿದಂತೆ. ಒಂದು ಕಿಟಕಿಯೇ ಜಾಗ ಬಿಟ್ಟು ಹೋಗಬಹುದು!

ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಒಳಗಿನ ದೀಪಗಳ ತಂತಿಗಳು ಮಾದರಿಯ ಎಡಬದಿಯಿಂದ ಹೊರಬರುತ್ತಿದ್ದವು. ಕ್ಯಾಮೆರಾ ನೋಡುತ್ತಿದ್ದದ್ದು ಹೆಚ್ಚಾಗಿ ಬಲಬದಿಯನ್ನೇ. ಆದ್ದರಿಂದ ಎಡಬದಿಯನ್ನು ಪೂರ್ತಿಯಾಗಿ ಅಲಂಕರಿಸಿರಲೇ ಇಲ್ಲ. ಹಾಗಾದರೆ ಎಡಬದಿಯ ಕಿಟಕಿಗಳನ್ನು ಎಲ್ಲಿ ಇಡಬೇಕು? ಬಲಬದಿ ನೋಡಿ ಊಹಿಸಬೇಕು.

ಇನ್ನೊಂದು ಸಂಗತಿಯಿದೆ. 1974ರಲ್ಲಿ ಈ ಮಾದರಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿತು. ಕಾಲಕಾಲಕ್ಕೆ ದುರಸ್ತಿಯೂ ಆಯಿತು. 1991ರ ದುರಸ್ತಿಯಲ್ಲಿ ಹೊರಮೈಗೆ ಹೊಸ ಬಣ್ಣ ಬಂತು, ಮೊದಲು ಮಸುಕಾಗಿದ್ದ ಗೆರೆಗಳು ಎದ್ದು ಕಾಣುವಂತಾದವು. ಆ ನಂತರ ನೋಡಿದವರಿಗೆ ಅದೇ ಮೊದಲಿನ ರೂಪ ಎನಿಸಿದರೆ ಆಶ್ಚರ್ಯವೇನು? ಕೊನೆಗೆ ತಜ್ಞರು ಕ್ಷ-ಕಿರಣ ಮತ್ತು ಅತಿನೇರಳೆ ಬೆಳಕಿನಿಂದ ಮಾದರಿಯನ್ನು ಪರೀಕ್ಷಿಸಿದರು. ಹಳೆಯ ಛಾಯಾಚಿತ್ರಗಳಿದ್ದರೆ ಕೊಡಿ ಎಂದು ಜನರನ್ನೂ ಕೇಳಿದರು. ಮೊದಲಿನ ರೂಪಕ್ಕೆ ಹತ್ತಿರ ತಂದ ಮಾದರಿಯನ್ನು 2016ರಲ್ಲಿ ಪ್ರದರ್ಶನಕ್ಕಿಟ್ಟರು.

ನನ್ನ ಅಭಿಪ್ರಾಯ ಇದು: ನಕಲು ಮಾಡುವವರು ಮೂಲವನ್ನು 'ಇನ್ನೂ ಚಂದ' ಮಾಡಬಾರದು. ಕಂಪ್ಯೂಟರ್‌ನಲ್ಲಿ ಹೊಳಪು ಹೆಚ್ಚಿಸುವುದು, ಇಲ್ಲದ ಗೆರೆ ಎಳೆಯುವುದು ಸುಲಭ. ಆದರೆ ಪ್ರತಿ ಗೆರೆಗೂ 'ಇದು ನಿಮಗೆ ಹೇಗೆ ಗೊತ್ತು?' ಎಂಬ ಪ್ರಶ್ನೆಗೆ ಉತ್ತರ ಇರಬೇಕು. ಊಹೆ ಮಾಡುವುದು ತಪ್ಪಲ್ಲ. ಊಹೆಯನ್ನು ನಿಜವೆಂದು ತೋರಿಸುವುದು ತಪ್ಪು.

'ಇಲ್ಲದ ನೌಕೆಗೆ ಇಷ್ಟೊಂದು ಶ್ರಮ ಏಕೆ? ಹೊಸ ನೌಕೆಯನ್ನೇ ಕಲ್ಪಿಸಿಕೊಳ್ಳಬಾರದೇ?' ಎಂದು ನೀವು ಕೇಳಬಹುದು. ಖಂಡಿತ ಕಲ್ಪಿಸಿಕೊಳ್ಳಿ. ಆದರೆ ಒಂದು ಮಾತು ನೆನಪಿಡಿ. ತುಂಡಾಗಿ ಸಿಕ್ಕ ಪಳೆಯುಳಿಕೆಯಿಂದ ಪ್ರಾಣಿಯ ರೂಪ ತಿಳಿಯುವವರೂ, ಬಿದ್ದುಹೋದ ಕಟ್ಟಡವನ್ನು ಕಂಪ್ಯೂಟರ್‌ನಲ್ಲಿ ಮತ್ತೆ ನಿಲ್ಲಿಸುವವರೂ ಮಾಡುವ ಕೆಲಸ ಇದೇ: ಅಳೆಯುವುದು, ಹೋಲಿಸುವುದು, ಗೊತ್ತಿದ್ದದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಹೇಳುವುದು. ಅಲ್ಲಿ ತಪ್ಪಿದರೆ ಮುಂದೆ ಬರುವವರಿಗೆ ಸುಳ್ಳು ಚರಿತ್ರೆ ಸಿಗುತ್ತದೆ. ಅದನ್ನು ಕಲಿಯಲು ಇಷ್ಟವಾದ ನೌಕೆಗಿಂತ ಒಳ್ಳೆಯ ಪಾಠ ಬೇಕೇ?

ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮ ಶಾಲೆಯ ಗಂಟೆಯನ್ನೋ ನೀರಿನ ಕೊಡವನ್ನೋ ಆರಿಸಿಕೊಳ್ಳಿ. ಚೌಕಳಿ ಹಾಳೆಯ ಮೇಲೆ ಅದನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಅಳತೆಗೆ ಸರಿಯಾಗಿ ಬರೆಯಿರಿ. ಅಳೆಯಲಾಗದ ಕಡೆ 'ಅಂದಾಜು' ಎಂದು ಗುರುತು ಹಾಕಿ. ನಂತರ ಹಾಳೆಯನ್ನು ಗೆಳೆಯರ ಕೈಗೆ ಕೊಡಿ, ವಸ್ತುವನ್ನು ನೋಡದೆ ಅವರು ಜೇಡಿಮಣ್ಣಿನಲ್ಲಿ ಅದನ್ನು ಮಾಡಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನಿಮ್ಮ ಕಣ್ಣು ಎಲ್ಲಿ ತಪ್ಪಿತು ಎಂಬುದನ್ನು ಆ ಮಣ್ಣೇ ಹೇಳುತ್ತದೆ.