ತಪ್ಪು ಬೇರೆ, ಬೇರೆ ಕಥೆ ಬೇರೆ



ಊಟದ ಬಿಡುವಿನಾಗ ನಮ್ಮ ತರಗತಿಯಲ್ಲಿ ಯಾವ ಜಗಳ ನಡೆದಿದೆ ಎಂದು ಎಲ್ಲರಿಗೂ ಗೊತ್ತು. ಸ್ಪೈಡರ್ ಮ್ಯಾನ್ ಜಗಳ! ಮೊಬೈಲಿನಲ್ಲಿ ಸಿನಿಮಾ ನೋಡಿ ಬಂದವರು ಎರಡು ಗುಂಪಾಗಿದ್ದಾರೆ. ಒಂದು ಗುಂಪು "ಇಲ್ಲಿ ತಪ್ಪೈತಿ, ಅಲ್ಲಿ ತಪ್ಪೈತಿ" ಅನ್ನುತ್ತದೆ. ಇನ್ನೊಂದು ಗುಂಪು "ಏ, ಅದು ಮಲ್ಟಿವರ್ಸ್ ಐತಿ, ನಿನಗೇನ ತಿಳೀತದ, ಸುಮ್ಮ ಕುಂಡ್ರು" ಅನ್ನುತ್ತದೆ. ಮಾತು ಬಿಟ್ಟು ಬೆಂಚು ಬದಲಿಸಿದವರೂ ಇದ್ದಾರೆ. ನಾವು ಹುಡುಗಿಯರು ಬಾಯಿ ತೆರೆದರಂತೂ "ನಿಮಗ್ಯಾಕ ಇದು?" ಎಂಬ ಉತ್ತರ ತಯಾರಿರುತ್ತದೆ. ಅದಕ್ಕೇ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಲ್ಟಿವರ್ಸ್ ಅಂದರೆ ಲೋಕ ಒಂದಲ್ಲ, ಅನೇಕ ಇವೆ, ಒಂದೊಂದು ಲೋಕದಲ್ಲಿ ಅದೇ ನಾಯಕ ಒಂದೊಂದು ರೀತಿ ಇರುತ್ತಾನೆ ಎಂಬ ಕಲ್ಪನೆ. ೨೦೨೧ರ 'ನೋ ವೇ ಹೋಮ್' ಸಿನಿಮಾದಲ್ಲಿ ಮೂರು ಲೋಕದ ಮೂವರು ಸ್ಪೈಡರ್ ಮ್ಯಾನ್ ಒಂದೇ ಕಡೆ ಸೇರುತ್ತಾರೆ. ಒಬ್ಬನಿಗೆ ಬಲೆಯ ನೂಲು ಕೈಯಿಂದಲೇ ಬರುತ್ತದೆ. ಉಳಿದಿಬ್ಬರು ಯಂತ್ರ ಕಟ್ಟಿಕೊಂಡಿದ್ದಾರೆ. ಇದು ತಪ್ಪೇ? ಅಲ್ಲ. ಸಿನಿಮಾದೊಳಗೇ ಅವರು ಅದನ್ನು ನೋಡಿ ಬೆರಗಾಗಿ ಒಬ್ಬರನ್ನೊಬ್ಬರು ಕೇಳುತ್ತಾರೆ. ಕಥೆ ಮಾಡಿದವರಿಗೆ ಆ ವ್ಯತ್ಯಾಸ ಗೊತ್ತಿದೆ.

ಇನ್ನೊಂದು ನೋಡಿರಿ. ೨೦೧೮ರ 'ಇನ್ ಟು ದ ಸ್ಪೈಡರ್ ವರ್ಸ್' ಚಿತ್ರದಲ್ಲಿ ಮೈಲ್ಸ್ ಎಂಬ ಹುಡುಗನನ್ನು ಕಚ್ಚುವ ಜೇಡದ ಮೇಲೆ ೪೨ ಎಂಬ ಅಂಕಿ ಇದೆ. ಆ ಜೇಡ ನಡುನಡುವೆ ಒಡೆದ ಚಿತ್ರದ ಹಾಗೆ ಕಾಣುತ್ತದೆ. ನೋಡಿದವರಿಗೆ ಏನೋ ಕೆಟ್ಟಿದೆ ಅನ್ನಿಸಬಹುದು. ೨೦೨೩ರ ಮುಂದಿನ ಭಾಗದಲ್ಲಿ ಗುಟ್ಟು ಒಡೆಯಿತು. ಆ ಜೇಡ ೪೨ನೇ ಲೋಕದಿಂದ ಬಂದದ್ದು! ಬಿತ್ತಿದ್ದು ಐದು ವರ್ಷದ ಮೇಲೆ ಬೆಳೆ ಬಂತು.

ಆದರೆ ೨೦೧೭ರ 'ಹೋಮ್ ಕಮಿಂಗ್' ಮಾತೇ ಬೇರೆ. ನ್ಯೂಯಾರ್ಕಿನ ದೊಡ್ಡ ಕಾಳಗದ ನಂತರದ ದೃಶ್ಯ ತೋರಿಸಿ "ಎಂಟು ವರ್ಷಗಳ ನಂತರ" ಎಂದು ಅಕ್ಷರ ಹಾಕಿದರು. ಆ ಕಾಳಗ ಆದದ್ದು ೨೦೧೨ರಲ್ಲಿ. ಎಂಟು ಕೂಡಿಸಿದರೆ ೨೦೨೦. ಆದರೆ ಈ ಕಥೆ ೨೦೧೬ರ 'ಸಿವಿಲ್ ವಾರ್' ಮುಗಿದ ಕೆಲವೇ ತಿಂಗಳಿಗೆ ನಡೆಯುವಂಥದ್ದು. ಕೂಡಿಸುವ ಲೆಕ್ಕ ಬಲ್ಲ ನೋಡುಗರು ಕೂಡಲೇ ಹಿಡಿದರು. ಇದಕ್ಕೂ "ಬೇರೆ ಲೋಕ" ಅನ್ನೋದು ಹ್ಯಾಂಗ? ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ!

ಹಾಗಾದರೆ ತಪ್ಪು ಯಾವುದು, ಬೇರೆ ಕಥೆ ಯಾವುದು? ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮುಧೋಳಕ್ಕೆ ಹೋದರೆ ಸಾಕು. ಕುರುಕ್ಷೇತ್ರ ಯುದ್ಧ ಮುಗಿದ ಮೇಲೆ ಪಟ್ಟ ಯಾರಿಗೆ? ವ್ಯಾಸರ ಭಾರತದಲ್ಲಿ ಧರ್ಮರಾಯನಿಗೆ. ೯೪೧ರಲ್ಲಿ ಪಂಪ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನಿಗೆ. ಮುಧೋಳದ ರನ್ನನ 'ಗದಾಯುದ್ಧ'ದಲ್ಲಿ ಭೀಮನಿಗೆ! ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿದ, ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಅದಕ್ಕೇ ಹೀಗೆ. ಒಂದೇ ಯುದ್ಧ, ಮೂರು ಪಟ್ಟ. ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಮಲ್ಟಿವರ್ಸ್ ಇತ್ತು ಅಂದರೆ ತಪ್ಪಾದೀತೇ? ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ದ್ವಾರಕೆಯವರು ನಮ್ಮ ಕಡೆಯ ಜವಾರಿ ಮಾತು ಆಡುತ್ತಾರೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಆಡುವವರು, ನೋಡುವವರು ಇಬ್ಬರೂ ಒಪ್ಪಿಕೊಂಡದ್ದು ಅದು.

ಆದರೂ ಪಂಪನನ್ನೂ ಪ್ರಶ್ನೆ ಕೇಳಬಹುದು. ಅವನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಆದರೆ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವವನು ಭೀಮ. ಗಂಡ ಇರುವಾಗ ಭಾವ ಯಾಕೆ ಕಟ್ಟಿದ? ಹೀಗೆ ಕೇಳಿದರೆ ಪಂಪ ಸಣ್ಣವನಾಗುವುದಿಲ್ಲ. ಕೇಳಿದವರು ಮನಸ್ಸಿಟ್ಟು ಓದಿದ್ದಾರೆ ಎಂದು ಗೊತ್ತಾಗುತ್ತದೆ.

ನನ್ನ ಅಳತೆಗೋಲು ಇಷ್ಟೇ. ಬೇರೆಯವರ ಕಥೆಯ ಹಾಗೆ ಇಲ್ಲ ಎಂಬುದು ತಪ್ಪಲ್ಲ. ತಾನೇ ಹೇಳಿದ ಮಾತನ್ನು ಕಥೆ ತಾನೇ ಮರೆತರೆ ಅದು ತಪ್ಪು. ಲೋಕ ನೂರು ಇರಲಿ, ಒಂದೊಂದು ಲೋಕಕ್ಕೂ ತನ್ನ ಲೆಕ್ಕ ಇರಬೇಕು.

ಈಗ ನಮ್ಮ ಜಗಳದ ಮಾತು. ತಪ್ಪು ಹಿಡಿಯುವವರು ಸಿನಿಮಾದ ವೈರಿಗಳಲ್ಲ. ಹತ್ತು ಸಲ ನೋಡಿದವರಿಗೇ ಅದು ಕಾಣುತ್ತದೆ. ಆದರೆ ಅವರೂ ಒಂದು ತಪ್ಪು ಸಿಕ್ಕಿತೆಂದು ಇಡೀ ಸಿನಿಮಾ ಕಸ ಎನ್ನಬಾರದು. ಮೆಚ್ಚಿದವರು ಮೆಚ್ಚಿದ ಕಾರಣ ಹೇಳಲಿ, "ನಿನಗೇನ ತಿಳೀತದ" ಎಂಬುದು ಕಾರಣವಲ್ಲ. ಈ ಮಾತಿಗೆ ಅಂಜಿ ಸುಮ್ಮನಾದವರು ನಾಳೆ ಪಾಠದಲ್ಲಿ ಸಂಶಯ ಬಂದರೂ ಕೈ ಎತ್ತುವುದಿಲ್ಲ. ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟು ಹೋಗಿದ್ದರೂ ಹಾಗೇ ಬರೆದುಕೊಳ್ಳುತ್ತಾರೆ. ನನಗೆ ಚಿಂತೆ ಇರುವುದು ಸ್ಪೈಡರ್ ಮ್ಯಾನ್ ಬಗ್ಗೆ ಅಲ್ಲ, ಇದರ ಬಗ್ಗೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಿನಿಮಾದವರು ದೃಶ್ಯಗಳನ್ನು ಕಥೆಯ ಸಾಲಿನಂತೆ ತೆಗೆಯುವುದಿಲ್ಲ. ಕೊನೆಯದನ್ನು ಮೊದಲೂ ತೆಗೆಯುತ್ತಾರೆ. ಆದ್ದರಿಂದ ಲೋಟ ಯಾವ ಕೈಯಲ್ಲಿತ್ತು, ಗಾಯ ಯಾವ ಕೆನ್ನೆಗಿತ್ತು ಎಂದು ಬರೆದಿಡಲು ಒಬ್ಬರನ್ನು ಇಟ್ಟಿರುತ್ತಾರೆ. ನಮ್ಮ ಸ್ನೇಹ ಸಮ್ಮೇಳನದ ನಾಟಕದ ತಾಲೀಮಿಗೂ ಹಾಗೆ ಒಬ್ಬರ ಕೈಗೆ ನೋಟಬುಕ್ಕು ಕೊಟ್ಟು ಕೂಡಿಸೋಣ. ತರಗತಿಯಲ್ಲಿ ಅತಿ ಹೆಚ್ಚು ತಪ್ಪು ಹಿಡಿದು ಬೈಸಿಕೊಂಡವರಿಗೇ ಆ ಕೆಲಸ ಸಿಗಲಿ. ಹುಡುಗಿಯಾದರೂ ಆಗಲಿ, ಹುಡುಗನಾದರೂ ಆಗಲಿ. ಗುರುಗಳು ಒಪ್ಪಬೇಕೆಂದು ವಿನಂತಿ.

ನೀವೇನಂತೀರಿ? ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಕಾರಣ ಮಾತ್ರ ಬರೆಯಿರಿ, ಬೈಗಳ ಬ್ಯಾಡ.

— ೯ನೇ ತರಗತಿಯ ವಿದ್ಯಾರ್ಥಿನಿ, ಬೇವೂರು